ಮಗು ಉಗುಳದ ಮಾತ್ರೆ

ಎಚ್‌ಐವಿ ಔಷಧಗಳಾದ ಲೋಪಿನವಿರ್ ಮತ್ತು ರಿಟೊನವಿರ್ ಬೆರೆಸಿದ ಸಿರಪ್ಪಿನಲ್ಲಿ ಶೇ 42ರಷ್ಟು ಆಲ್ಕೋಹಾಲ್. ಈ ಎರಡು ಔಷಧಗಳೂ ನೀರಿನಲ್ಲಿ ಕರಗುವುದಿಲ್ಲ, ಅದಕ್ಕೇ ಈ ಏರ್ಪಾಡು. ಅದರ ಕಹಿಯ ಮುಂದೆ ಬೇವು ಏನೇನೂ ಅಲ್ಲ. ರೋಗಿಯ ಕೈಗೆ ಕೊಡುವವರೆಗೆ ಫ್ರಿಜ್ಜಿನಲ್ಲಿಡಬೇಕು. ಆಮೇಲೂ 25 ಡಿಗ್ರಿ ಸೆಲ್ಸಿಯಸ್ ದಾಟಿಸದೆ ಎರಡು ತಿಂಗಳಲ್ಲಿ ಮುಗಿಸಬೇಕು. ಎಚ್‌ಐವಿ ಇರುವ ಮಕ್ಕಳಲ್ಲಿ ಬಹುಪಾಲು ಇರುವುದು ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ. ಫ್ರಿಜ್ ಹಾಗಿರಲಿ, ಕರೆಂಟೇ ಇಲ್ಲದ ಎಷ್ಟೋ ಮನೆಗಳು ಅಲ್ಲಿವೆ. ಆದರೂ ಮೂರು ವರ್ಷದೊಳಗಿನ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದ ಚಿಕಿತ್ಸೆಗೆ ಈ ಜೋಡಿ ಔಷಧವೇ ಆಧಾರ. ಅಷ್ಟು ಚಿಕ್ಕವರಿಗೆ ಅದಕ್ಕಿಂತ ಒಳ್ಳೆಯದು ಆಗ ಇರಲಿಲ್ಲ.

ಶ್ರೀಮಂತ ದೇಶಗಳು ಗರ್ಭಿಣಿಯರಿಗೇ ಔಷಧ ಕೊಟ್ಟು, ತಾಯಿಯಿಂದ ಮಗುವಿಗೆ ಸೋಂಕು ದಾಟುವುದನ್ನು ಬಹುಮಟ್ಟಿಗೆ ನಿಲ್ಲಿಸಿದವು. ಅಲ್ಲಿಗೆ ಮಕ್ಕಳ ಎಚ್‌ಐವಿ ಔಷಧಕ್ಕೆ ದುಡ್ಡು ಕೊಡುವ ಗಿರಾಕಿಯೇ ಇಲ್ಲವಾದ. ಮುಂದಿನ ವಿಳಂಬಕ್ಕೆ ವಿಜ್ಞಾನಕ್ಕಿಂತ ಈ ಲೆಕ್ಕಾಚಾರವೇ ದೊಡ್ಡ ಕಾರಣ ಎಂಬುದು ನನ್ನ ಎಣಿಕೆ.

ಬಡ ದೇಶಗಳಲ್ಲಿ ಕೈಗೆಟುಕುತ್ತಿದ್ದದ್ದು ದೊಡ್ಡವರ ಮಾತ್ರೆ. ಮುಂಬೈನ ಸಿಪ್ಲಾ 2001ರಲ್ಲಿ ತಂದ ಟ್ರಯೊಮ್ಯೂನ್‌ನಲ್ಲಿ ಮೂರು ಔಷಧ ಒಂದೇ ಮಾತ್ರೆಯಲ್ಲಿದ್ದವು. ಅದನ್ನೇ ಮುರಿದು ಅರ್ಧ, ಕಾಲು ಮಾಡಿ ಮಕ್ಕಳಿಗೆ ಕೊಟ್ಟರು. ಮುರಿದ ಚೂರುಗಳು ಸಮನಾಗಿರುವುದಿಲ್ಲ ಎನ್ನುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ಔಷಧಗಳ ನಡುವಿನ ಅನುಪಾತವೇ ಮಕ್ಕಳ ಮೈಗೆ ಹೊಂದುತ್ತಿರಲಿಲ್ಲ. ದೊಡ್ಡವರ ಮಾತ್ರೆಯಲ್ಲಿ ಸ್ಟಾವುಡಿನ್ 30, ಲಾಮಿವುಡಿನ್ 150, ನೆವಿರಪಿನ್ 200 ಮಿಲಿಗ್ರಾಂ. ಐದನೇ ಒಂದು ಪಾಲು ಎಂದರೆ 6, 30, 40 ಆಗಬೇಕು. ಸಿಪ್ಲಾ ಮಕ್ಕಳಿಗೆಂದೇ ಮಾಡಿದ ‘ಬೇಬಿ’ ಮಾತ್ರೆಯಲ್ಲಿ ಇದ್ದದ್ದು 6, 30, 50. ಪುಟ್ಟ ಮಕ್ಕಳ ದೇಹ ನೆವಿರಪಿನ್ನನ್ನು ಬೇಗ ಹೊರಹಾಕುತ್ತದೆ, ಅದಕ್ಕೇ ಆ ಹತ್ತು ಮಿಲಿಗ್ರಾಂ ಹೆಚ್ಚು. ಜಾಂಬಿಯಾದ ಲುಸಾಕಾದಲ್ಲಿ ಮಕ್ಕಳಿಗೆ ಕೊಟ್ಟು ಈ ಲೆಕ್ಕವನ್ನು ಪರೀಕ್ಷಿಸಿದರು. ಅಡ್ಡಪರಿಣಾಮಗಳಿಂದಾಗಿ ಸ್ಟಾವುಡಿನ್ ಆಮೇಲೆ ಮೂಲೆ ಸೇರಿತು.

ತಡಮಾಡಿದರೆ ಏನಾಗುತ್ತದೆಂದು 2008ರಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಯನವೊಂದು ತೋರಿಸಿಕೊಟ್ಟಿತ್ತು. ಕಾಯಿಲೆ ಉಲ್ಬಣಿಸುವವರೆಗೆ ಕಾಯದೆ ಹಸುಗೂಸುಗಳಿಗೆ ಕೂಡಲೇ ಔಷಧ ಶುರುಮಾಡಿದಾಗ ಸಾವು ಶೇ 76ರಷ್ಟು ಇಳಿಯಿತು. ಆದರೆ ಕೊಡಲು ಇದ್ದದ್ದು ಅದೇ ಕಹಿ ಸಿರಪ್. 2015ರಲ್ಲಿ ಸಿಪ್ಲಾ ಆ ಜೋಡಿ ಔಷಧವನ್ನು ಪುಟ್ಟ ಕಾಳುಗಳಾಗಿಸಿ ಕ್ಯಾಪ್ಸೂಲಿನಲ್ಲಿ ತುಂಬಿತು. ಕ್ಯಾಪ್ಸೂಲ್ ಬಿಚ್ಚಿ ಗಂಜಿಯ ಮೇಲೆ ಉದುರಿಸಿದರಾಯಿತು, ಫ್ರಿಜ್ ಬೇಡ. ಅಗಿದರೆ ಮಾತ್ರ ಕಹಿ ಕಾಣಿಸಿಕೊಳ್ಳುತ್ತದೆ. ಅಗಿಯಬೇಡ ಎಂದರೆ ಯಾವ ಮಗು ಕೇಳೀತು?

ಡೊಲುಟೆಗ್ರವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧ ಅಮೆರಿಕದಲ್ಲಿ ದೊಡ್ಡವರಿಗೆ 2013ರಲ್ಲೇ ಸಿಕ್ಕಿತ್ತು. ನೀರಿನಲ್ಲಿ ಕದಡಿ ಕುಡಿಸುವ ಮಕ್ಕಳ ಮಾತ್ರೆಗೆ ಏಳು ವರ್ಷ ಕಾಯಬೇಕಾಯಿತು. ಇಲ್ಲಿಯೂ ಲೆಕ್ಕ ನೇರವಲ್ಲ: ಕದಡುವ ರೂಪದಲ್ಲಿ ಔಷಧ ಮೈಗೆ ಹೆಚ್ಚು ಹತ್ತುವುದರಿಂದ ಅದರ 30 ಮಿಲಿಗ್ರಾಂ, ದೊಡ್ಡವರ ಮಾತ್ರೆಯ 50ಕ್ಕೆ ಹೆಚ್ಚುಕಡಿಮೆ ಸಮ. ಭಾರತದಲ್ಲಿ ಜೆನೆರಿಕ್ ತಯಾರಿಸುವ ಕಂಪನಿಗಳೊಡನೆ ಯುನಿಟೈಡ್ ಮತ್ತು ಕ್ಲಿಂಟನ್ ಹೆಲ್ತ್ ಆಕ್ಸೆಸ್ ಇನಿಷಿಯೇಟಿವ್ ಎಂಬ ಆರೋಗ್ಯ ಸಂಸ್ಥೆಗಳು ಒಪ್ಪಂದ ಮಾಡಿಕೊಂಡವು. 2020ರ ಕೊನೆಯಲ್ಲಿ ಬೆಲೆ ಪ್ರಕಟವಾಯಿತು: ಒಂದು ಮಗುವಿಗೆ ವರ್ಷಕ್ಕೆ 36 ಡಾಲರಿಗೂ ಕಡಿಮೆ. ರುಚಿ ಸ್ಟ್ರಾಬೆರಿಯದು. ಆ ಹಣ್ಣನ್ನೇ ಕಾಣದ ಮಕ್ಕಳಿಗೂ ಸ್ಟ್ರಾಬೆರಿಯೇ ಏಕೋ!

ಇಷ್ಟಾದರೂ 2023ರಲ್ಲಿ, ಯುಎನ್‌ಏಡ್ಸ್ ಪ್ರಕಾರ, ಸೋಂಕಿತ ದೊಡ್ಡವರಲ್ಲಿ ಶೇ 77 ಮಂದಿಗೆ ಚಿಕಿತ್ಸೆ ಸಿಗುತ್ತಿದ್ದರೆ ಮಕ್ಕಳಲ್ಲಿ ಶೇ 57 ಮಾತ್ರ. ಸೋಂಕು ಪತ್ತೆಹಚ್ಚುವುದೇ ಒಂದು ತೊಡಕು: ಹಸುಗೂಸಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು ಒಂದೂವರೆ ವರ್ಷದವರೆಗೂ ಉಳಿಯಬಹುದು, ಹಾಗಾಗಿ ಪ್ರತಿಕಾಯ ಹುಡುಕುವ ಮಾಮೂಲಿ ಪರೀಕ್ಷೆ ನಂಬುವಂತಿಲ್ಲ. ವೈರಸ್ಸನ್ನೇ ಹುಡುಕುವ ಯಂತ್ರ ಬೇಕು, ಅದು ಎಲ್ಲ ಊರಿನ ಆಸ್ಪತ್ರೆಯಲ್ಲಿ ಇಲ್ಲ.