ಹಂಚಿಕೆಯ ಕೋಷ್ಟಕದಲ್ಲಿ ಗಡಿನಾಡ ನುಡಿ

1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಕನ್ನಡದ ಹಲವು ನೆಲೆಗಳು ನೆರೆರಾಜ್ಯಗಳಲ್ಲಿ ಉಳಿದವು. ಕಾಸರಗೋಡು, ನೀಲಗಿರಿ, ಜತ್ತ, ಮಡಕಶಿರಾಗಳ ನುಡಿಯನ್ನು ಒಟ್ಟಿಗಿರಿಸಿ ನೋಡಬಯಸುವ ಸಂಶೋಧಕರಿಗೆ ದೂರವೇ ಮೊದಲ ತೊಡಕು. ಹಲವರು ಏಕಕಾಲಕ್ಕೆ ತೆರೆದು ತುಂಬಬಹುದಾದ ಗೂಗಲ್ ಶೀಟ್ಸ್‌ನಂತಹ ಆನ್‌ಲೈನ್ ಕೋಷ್ಟಕಗಳು ಈ ತೊಡಕನ್ನು ಬಹುಮಟ್ಟಿಗೆ ನೀಗಿವೆ. ಆದರೆ ದೂರ ಅಳಿದ ಮಾತ್ರಕ್ಕೆ ತೌಲನಿಕ ಅಧ್ಯಯನ ಸಿದ್ಧಿಸದು. ಪದಸಂಗ್ರಹಕ್ಕೆ ತೊಡಗುವ ಮುನ್ನವೇ ಪಾಲುದಾರರು ಕೆಲವು ವಿಷಯಗಳಲ್ಲಿ ಒಮ್ಮತಕ್ಕೆ ಬರುವುದು ಅಗತ್ಯ.

ಮೊದಲನೆಯದು ದಾಖಲೆಯ ಸ್ವರೂಪ. ‘ಹಟ್ಟಿ’ ಎಂದರೆ ಕರಾವಳಿಯ ಕನ್ನಡದಲ್ಲಿ ದನದ ಕೊಟ್ಟಿಗೆ. ನೀಲಗಿರಿಯ ಬಡಗರಲ್ಲಿ ಊರು. ಪದವನ್ನಷ್ಟೇ ಬರೆದುಕೊಂಡ ಕೋಷ್ಟಕ ಇವೆರಡನ್ನು ಒಂದೆಂದು ಎಣಿಸುತ್ತದೆ. ಆದುದರಿಂದ ಅರ್ಥ, ಬಳಕೆಯ ವಾಕ್ಯ, ಊರು, ವಕ್ತೃವಿನ ವಯೋಮಾನ, ಧ್ವನಿಮುದ್ರಿಕೆಯ ಸಂಖ್ಯೆ ಇವುಗಳಿಗೆ ಪ್ರತ್ಯೇಕ ಕಾಲಂಗಳಿರಬೇಕು. ವಕ್ತೃಗಳ ಹೆಸರಿಗೆ ಬದಲಾಗಿ ಸಂಕೇತವನ್ನು ಬಳಸಿ, ಹೆಸರುಗಳ ಪಟ್ಟಿಯನ್ನು ಬೇರೆಡೆ ಕಾದಿರಿಸುವುದು ಲೇಸು.

ಎರಡನೆಯದು ಅಕ್ಷರಸಂಕೇತ. ‘ಕೊಟ್ಟಿಗೆ’ ಎಂಬುದರ ಮೊದಲಕ್ಷರದ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ದಾಖಲಿಸಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರದ ನೇರ ಹೋಲಿಕೆಗೆ ಬೇರೆ ಬೇರೆ. ಹೀಗೆ ಇಲ್ಲದ ಭೇದವೊಂದು ಎಣಿಕೆಯಲ್ಲಿ ಹುಟ್ಟಿಕೊಳ್ಳುತ್ತದೆ. ವಿಶ್ಲೇಷಣೆಗೆ ಮೊದಲು ಎಲ್ಲ ಪಠ್ಯವನ್ನೂ ಯೂನಿಕೋಡಿನ ಒಂದೇ ಪ್ರಮಾಣಿತ ರೂಪಕ್ಕೆ ತರುವುದೇ ಇದಕ್ಕೆ ಪರಿಹಾರ. ಹಳೆಯ ನುಡಿ, ಬರಹ ಫಾಂಟುಗಳ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದ ಬಳಿಕ ಒಮ್ಮೆ ಓದಿ ನೋಡಬೇಕು.

ಮೂರನೆಯದು, ಎಲ್ಲಕ್ಕಿಂತ ಗಂಭೀರವಾದುದು, ತಿದ್ದುವ ಅಧಿಕಾರ. ಕಾಸರಗೋಡಿನ ಹವ್ಯಕರ ‘ಅಬ್ಬೆ’, ಜತ್ತದ ಕಡೆಯ ‘ಅವ್ವ’ ಇವೆರಡನ್ನೂ ಶಿಷ್ಟಕನ್ನಡದ ಅಭ್ಯಾಸವುಳ್ಳ ಸಂಪಾದಕರು ಸದುದ್ದೇಶದಿಂದಲೇ ‘ತಾಯಿ’ ಎಂದು ತಿದ್ದಿಬಿಡಬಹುದು. ಕಾಗದದ ಮೇಲೆ ಹೊಡೆದ ಗೀಟಾದರೂ ಕಾಣುತ್ತದೆ. ಕೋಷ್ಟಕದಲ್ಲಿ ಮೂಲರೂಪ ಸದ್ದಿಲ್ಲದೆ ಮರೆಯಾಗುತ್ತದೆ. ಬದಲಾವಣೆಯ ಇತಿಹಾಸವನ್ನು ತೆರೆದರೆ ಯಾರು, ಎಂದು ತಿದ್ದಿದರೆಂಬುದು ತಿಳಿದೀತು. ಏಕೆ ಎಂಬುದು ತಿಳಿಯದು. ಮೂಲರೂಪದ ಕಾಲಂಗೆ ರಕ್ಷಣೆ ಒದಗಿಸಿ, ಅದನ್ನು ತಿದ್ದುವ ಹಕ್ಕನ್ನು ಆಯಾ ಪ್ರದೇಶದ ಸಂಗ್ರಾಹಕರಿಗೆ ಮಾತ್ರ ನೀಡುವುದು ಯುಕ್ತ. ಶಿಷ್ಟರೂಪಕ್ಕೆ ಬೇರೊಂದು ಕಾಲಂ ಇರಲಿ. ಸಂದೇಹಗಳು ಟಿಪ್ಪಣಿಯ ರೂಪದಲ್ಲಿ ಬರಲಿ.

ಬಡಗ ನುಡಿಯ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅದರ ಮೂರ್ಧನ್ಯ ಸ್ವರಗಳನ್ನು ಎಂ.ಬಿ. ಎಮೆನೋ 1939ರಲ್ಲೇ ವಿವರಿಸಿದ್ದರು. ಅವುಗಳಿಗೆ ಕನ್ನಡ ವರ್ಣಮಾಲೆಯಲ್ಲಿ ಅಕ್ಷರಗಳಿಲ್ಲವಾದ್ದರಿಂದ ಅಂತರರಾಷ್ಟ್ರೀಯ ಧ್ವನಿಲಿಪಿಯ ಕಾಲಂ ಒಂದು ಅನಿವಾರ್ಯ. ಭಾರತದ ಜನಗಣತಿಯು ಬಡಗವನ್ನು ಕನ್ನಡದಡಿ ಎಣಿಸುತ್ತದೆ. ಅದು ಸ್ವತಂತ್ರ ಭಾಷೆಯೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಕೋಷ್ಟಕದ ತಲೆಬರಹವೇ ಈ ವಾದವನ್ನು ತೀರ್ಮಾನಿಸಬಾರದು. ವಕ್ತೃಗಳು ತಮ್ಮ ನುಡಿಗೆ ಕೊಡುವ ಹೆಸರನ್ನು ಅವರ ಮಾತಿನಲ್ಲೇ ದಾಖಲಿಸಲು ಒಂದು ಕಾಲಂ ಮೀಸಲಿರಲಿ.

ಇಷ್ಟು ಸಿದ್ಧತೆಯ ಮೇಲೆ ನಡೆದ ಸಂಗ್ರಹದಲ್ಲಿ ಒಂದು ಪದದ ವ್ಯಾಪ್ತಿಯನ್ನು ಊರೂರಿಗೆ ಹೋಲಿಸುವುದು, ತಲೆಮಾರುಗಳ ನಡುವೆ ಬಳಕೆ ತಪ್ಪುತ್ತಿರುವ ರೂಪಗಳನ್ನು ಗುರುತಿಸುವುದು ಸಾಧ್ಯ. ಹಾಗೆ ಕಂಡ ಭೇದಗಳು ಬರವಣಿಗೆಯವಲ್ಲ, ನುಡಿಯವೇ ಎಂದು ಆಗ ನಂಬಿಕೆಯಿಂದ ಹೇಳಬಹುದು.