ಎಳನೀರಿಗೆ ಉಪ್ಪು ಸಾಲದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿಗೆ ಅವಸರವಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರೆಲ್ಲ ಇಂಗಿ ಗಿಟುಕಾಗುವವರೆಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಆದರೆ ಮನೆಯ ಮಗುವಿಗೆ ವಾಂತಿ-ಭೇದಿ ಶುರುವಾದರೆ ಕೊಬ್ಬರಿ ರೇಟಿನ ಲೆಕ್ಕ ಯಾರೂ ಹಾಕುವುದಿಲ್ಲ. ಮೊದಲು ಮರದಿಂದ ಎಳನೀರು ಇಳಿಯುತ್ತದೆ.

ಇಳಿಯಲಿ. ಅದರಲ್ಲಿ ಸಕ್ಕರೆ ಅಷ್ಟಿಷ್ಟಿದೆ, ಪೊಟ್ಯಾಸಿಯಂ ಧಾರಾಳವಾಗಿದೆ. ಸಾಲದಿರುವುದು ಸೋಡಿಯಂ, ಅಂದರೆ ಉಪ್ಪಿನಂಶ.

ಪುಟ್ಟ ಮಕ್ಕಳ ಭೇದಿಗೆ ಬಹುಪಾಲು ವೈರಸ್‌ಗಳೇ ಕಾರಣ. ಅವುಗಳಲ್ಲಿ ಕುಖ್ಯಾತವಾದದ್ದು 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಪತ್ತೆಹಚ್ಚಿದ ರೋಟಾವೈರಸ್. ಸಣ್ಣ ಕರುಳಿನ ಒಳಪದರದ ಕೋಶಗಳನ್ನು ಅದು ಹಾಳುಗೆಡವುತ್ತದೆ. ಹೀರಬೇಕಾದ ನೀರು, ಉಪ್ಪು ಎರಡೂ ಹೊರಗೆ ಹರಿಯುತ್ತವೆ. ಆದರೂ ಉಳಿದ ಕೋಶಗಳಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ. ಗ್ಲೂಕೋಸು, ಸೋಡಿಯಂ ಜೋಡಿಯಾಗಿ ಬಂದರೆ ಮಾತ್ರ ಅಲ್ಲಿ ಪ್ರವೇಶ; ಅವುಗಳ ಬೆನ್ನಿಗೇ ನೀರೂ ಒಳಬರುತ್ತದೆ. ಬರೀ ಸಿಹಿ ಸುರಿದರೆ ಕರುಳಿಗೆ ಇನ್ನಷ್ಟು ನೀರು ಸೆಳೆದು ಭೇದಿ ಹೆಚ್ಚುತ್ತದೆ. ಅಂಗಡಿಯ ಬಾಟಲಿ ಜ್ಯೂಸು ಬೇಡವೆನ್ನುವುದು ಇದಕ್ಕೇ.

ಓಆರ್‌ಎಸ್ ಪುಡಿ ಈ ಜೋಡಿಯನ್ನು ಅಳೆದು ಕೊಡುತ್ತದೆ: ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬೀಸ್ ಇಂಥದ್ದೇ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿ ಸಾವಿರಾರು ಜೀವ ಉಳಿಸಿದ್ದರು.

ಒಂದು ಲೀಟರಿನ ಪೊಟ್ಟಣವನ್ನು ಅಂದಾಜಿನಲ್ಲಿ ಒಂದು ಲೋಟಕ್ಕಷ್ಟು ಕಲಸುವುದು ತಪ್ಪು. ಇಡೀ ಪೊಟ್ಟಣ, ಇಡೀ ಲೀಟರು, ಕುದಿಸಿ ಆರಿಸಿದ ನೀರು. ಬಾಯಾರಿದ ಮಗು ಲೋಟ ಕಂಡರೆ ಗಟಗಟ ಕುಡಿದು ಅಷ್ಟನ್ನೂ ಕಕ್ಕಿಬಿಡುತ್ತದೆ. ಚಮಚವೇ ಸರಿ, ನಿಮಿಷಕ್ಕೊಂದರಂತೆ. ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಮತ್ತೆ, ಇನ್ನೂ ನಿಧಾನವಾಗಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ. ಸೇರಬೇಕು.

ವಿಶ್ವ ಆರೋಗ್ಯ ಸಂಸ್ಥೆಯೂ ಎಳನೀರನ್ನು ಒಪ್ಪುತ್ತದೆ, ಆದರೆ ಉಪ್ಪಿಲ್ಲದ ಪಾನೀಯಗಳ ಸಾಲಿನಲ್ಲಿ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ ಅದಕ್ಕಿಂತ ವಾಸಿ. ಎದೆಹಾಲು, ಮೊಸರನ್ನ ನಿಲ್ಲಿಸಬೇಕಿಲ್ಲ. ವೈರಸ್ಸಿಗೆ ಆಂಟಿಬಯಾಟಿಕ್ ನಾಟುವುದಿಲ್ಲ. ವೈದ್ಯರು ಬರೆಯುವ ಜಿಂಕನ್ನು ಮಾತ್ರ, ಭೇದಿ ನಿಂತರೂ, 14 ದಿನ ಪೂರ್ತಿ ಕೊಡಬೇಕು.

‘ನೆತ್ತಿ ಬಿದ್ದಿದೆ’ ಎಂದು ಅಜ್ಜಿಯರು ಎಣ್ಣೆ ಇಡುವುದುಂಟು. ಅವರು ಗುರುತಿಸಿದ್ದು ಸರಿ, ಅದು ಮೈಯ ನೀರು ಬತ್ತಿದ ಲಕ್ಷಣ. ಮದ್ದು ಮಾತ್ರ ಎಣ್ಣೆಯಲ್ಲ. ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಆರು ಗಂಟೆಯಾದರೂ ಉಚ್ಚೆ ಹೊಯ್ಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಎಚ್ಚರವಿದ್ದು ನುಂಗುವಂತಿದ್ದರೆ ದಾರಿಯುದ್ದಕ್ಕೂ ಚಮಚ ನಿಲ್ಲಿಸಬಾರದು.