ಒಳಕಿವಿಯ ಕಡಿದ ವೈರು

ಪ್ರಶ್ನೆ: ಒಳಕಿವಿಯ ನರ ಸತ್ತರೆ ಕಾಂಡಕೋಶಗಳಿಂದ ಮತ್ತೆ ಬೆಳೆಸಬಹುದೇ?

ಊರಹಬ್ಬದ ಮೈಕ್‌ಸೆಟ್ ನೆನೆಸಿಕೊಳ್ಳಿ. ಮೈಕು, ಆಂಪ್ಲಿಫೈಯರು ಎರಡೂ ಸರಿಯಿದ್ದು ನಡುವಿನ ವೈರನ್ನು ಇಲಿ ಕಡಿದಿದ್ದರೆ ಸದ್ದೇ ಬರದು. ಒಳಕಿವಿಯಲ್ಲೂ ಹಾಗೆಯೇ: ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾದಲ್ಲಿ ರೋಮಕೋಶಗಳೇ ಮೈಕು. ಅಲ್ಲಿಂದ ಮಿದುಳಿಗೆ ಹೋಗುವ ನರಕೋಶಗಳೇ ವೈರು. ಸತ್ತರೆ ಇವು ತಾವಾಗಿ ಮತ್ತೆ ಹುಟ್ಟುವುದಿಲ್ಲ.

2012ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಮಾರ್ಸೆಲೊ ರಿವೋಲ್ಟಾ ತಂಡ, ಮಾನವ ಭ್ರೂಣದ ಕಾಂಡಕೋಶಗಳನ್ನು ಕಿವಿಯ ನರಕೋಶಗಳಾಗುವ ಹಾದಿಗೆ ತಿರುಗಿಸಿ, ಔಷಧಿ ಕೊಟ್ಟು ನರ ಕೆಡಿಸಿದ್ದ ಜರ್ಬಿಲ್‌ಗಳ ಕಿವಿಗೆ ಸೇರಿಸಿತು. (ಜರ್ಬಿಲ್ ಎಂದರೆ ಮರುಭೂಮಿಯ ಇಲಿ. ವೈರು ಕಡಿಯುವವನ ನೆಂಟನಿಗೇ ವೈರು ಎಳೆದಂತಾಯಿತು!) ಹೊಸ ಕೋಶಗಳು ಒಂದೆಡೆ ರೋಮಕೋಶಗಳತ್ತ, ಇನ್ನೊಂದೆಡೆ ಮಿದುಳಿನ ಕಾಂಡದತ್ತ ಎಳೆ ಚಾಚಿದವು. ಹತ್ತು ವಾರದಲ್ಲಿ ಕೇಳುವ ಶಕ್ತಿ ಸರಾಸರಿ ಶೇ 46ರಷ್ಟು ಸುಧಾರಿಸಿತು. ಕೆಲವಕ್ಕೆ ಚೆನ್ನಾಗಿಯೇ ಕೇಳಿಸಿತು, ಕೆಲವಕ್ಕೆ ಹೆಚ್ಚೇನೂ ಪ್ರಯೋಜನವಾಗಲಿಲ್ಲ.